ಅಪ್ಪ ಬಿಡದೆ ಹಾಡಿದ ಸಾಲು

ಗಿಟಾರಿನ ತಂತಿ ಮೀಟುವ ನನ್ನ ಪಿಕ್ಕಿಗೆ ಮೂರು ಮೂಲೆ. ಅದರಲ್ಲಿ ಒಂದು ಸವೆದು ಮೊಂಡಾಗಿತ್ತು. ಹಳದಿ ಪ್ಲಾಸ್ಟಿಕ್ಕು, ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು. ಬೆವರಿಗೆ ಜಾರದಿರಲೆಂದು ಅದರ ಎರಡೂ ಬದಿಗೆ ನಾನೇ ಸೂಜಿಯಿಂದ ಅಡ್ಡಡ್ಡ ಗೀರು ಎಳೆದಿದ್ದೆ. ಬೆರಳುಗಳಿಂದ ಜಾರಿದ ಅದು ಮೊದಲು ಗಿಟಾರಿನ ಮೈಗೆ ತಾಗಿತು. ಟಕ್ ಎಂಬ ಆ ಸಣ್ಣ ಸದ್ದನ್ನು ಮೈಕು ಹಿಡಿದುಕೊಂಡು ಇಡೀ ಸಭಾಂಗಣಕ್ಕೆ ಕೇಳಿಸಿತು. ಆಮೇಲೆ ಅದು ನನ್ನ ಮೊಣಕಾಲಿನ ಮುಂದೆ, ಬಿಳಿ ಹಾಸಿನ ಮೇಲೆ ಚೆಲ್ಲಿದ್ದ ಚೆಂಡುಹೂವಿನ ಎಸಳುಗಳ ನಡುವೆ ಹೋಗಿ ಸೇರಿತು. ಹಳದಿಯಲ್ಲಿ ಹಳದಿ.

ಇದು ನಡೆದದ್ದು ಭಾಲ್ಕಿಯಲ್ಲಿ, ಒಂದು ಭಾನುವಾರದ ಮುಂಜಾನೆ, ಶರಣರ ಸಭೆಯ ವೇದಿಕೆಯ ಮೇಲೆ. ನನ್ನ ಎಡಕ್ಕೆ ಅಪ್ಪ ಕೂತು ವಚನ ಹಾಡುತ್ತಿದ್ದ. ಬಲಕ್ಕೆ ಅಪ್ಪನ ತಮ್ಮ, ನನ್ನ ಕಾಕಾ, ತಬಲಾ ನುಡಿಸುತ್ತಿದ್ದ. ಹಾಡು ಎರಡನೆಯ ಸಾಲಿನಲ್ಲಿತ್ತು.

ಬೀದರಿನ ನನ್ನ ಸಹೋದ್ಯೋಗಿಯೊಬ್ಬಳು ಇದನ್ನು ಕೇಳಿ, "ಅಷ್ಟೇ ಏನು? ಇನ್ನೊಂದು ತೆಗೆದುಕೊಂಡಿದ್ದರೆ ಆಗುತ್ತಿತ್ತಲ್ಲ" ಎಂದಳು. ಅವಳ ಮಾತು ಸರಿ. ಗಿಟಾರ್ ನುಡಿಸುವವರ ಕೈಯಿಂದ ಪಿಕ್ ಬೀಳುತ್ತಲೇ ಇರುತ್ತದೆ. ಅವಳಿಗೆ ನಾನು ಉಳಿದದ್ದನ್ನು ಹೇಳಲಿಲ್ಲ. ಅದು ಅಪ್ಪನ ಗಂಟಲಿಗೆ ಸಂಬಂಧಿಸಿದ್ದು.

ಅಪ್ಪ ಔರಾದ್ ತಾಲ್ಲೂಕಿನ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತನಾದವನು. ಆದರೆ ಜನ ಅವನನ್ನು ಗುರುತಿಸುವುದು ವಚನ ಹಾಡುವವನೆಂದು. ಮದುವೆ, ಗೃಹಪ್ರವೇಶ, ಸತ್ತವರ ಮನೆಯ ಸ್ಮರಣೆ, ಯಾವುದೇ ಇರಲಿ, ಹಾರ್ಮೋನಿಯಂ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದ. ಭಾಲ್ಕಿಯ ಈ ಸಭೆಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಗಾಯನಕ್ಕೆ ಮೊದಲ ಹಾಡು ಅವನದೇ. ನಾನು ಹುಟ್ಟುವ ಮೊದಲಿನಿಂದಲೂ ಅವನದೇ.

ಆ ಭಾನುವಾರಕ್ಕೆ ಆರು ತಿಂಗಳ ಹಿಂದೆ ಅವನ ಧ್ವನಿ ಒಡೆಯತೊಡಗಿತು. ಮೊದಲು ಮೇಲಿನ ಸ್ವರಗಳು ಹೋದವು. ಆಮೇಲೆ ಉದ್ದ ಸಾಲುಗಳ ಕೊನೆ ಹೋಯಿತು. ನಾನು ಬೀದರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ, ಅಲ್ಲಿಯೇ ಒಂದು ಕೋಣೆ ಮಾಡಿಕೊಂಡಿದ್ದೇನೆ. ಹಾಗಾಗಿ ಅಪ್ಪನನ್ನು ಬೀದರಿನ ವೈದ್ಯರ ಬಳಿ ಕರೆದುಕೊಂಡು ಹೋದವಳು ನಾನು. ಅವರು ಸಣ್ಣ ಕ್ಯಾಮೆರಾವನ್ನು ಗಂಟಲಿಗೆ ಇಳಿಸಿ, ಪರದೆಯ ಮೇಲೆ ತೋರಿಸಿದರು. ಧ್ವನಿ ಹೊರಡಿಸುವ ಎರಡು ಮಡಿಕೆಗಳಲ್ಲಿ ಒಂದು ತೆರೆದು ಮುಚ್ಚುತ್ತಿತ್ತು. ಇನ್ನೊಂದು ಸುಮ್ಮನೆ ನಿಂತಿತ್ತು. ಮತ್ತೆ ಚಲಿಸಬಹುದೇ ಎಂದು ಕೇಳಿದೆ. "ಈ ವಯಸ್ಸಿನಾಗ ಹೇಳ್ಲಿಕ್ಕಿ ಬರೂದಿಲ್ಲರಿ" ಎಂದರು. ಅಪ್ಪ ಪರದೆಯನ್ನೇ ನೋಡುತ್ತಿದ್ದ.

ಹೊರಗೆ ಬಂದು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು, ಪಿಸುಗುಡುವ ಧ್ವನಿಯಲ್ಲಿ ಹೇಳಿದ: "ಹೋಗೂದು ಹೋಗ್ಲಿ ತಾಯಿ. ಮನ್ಯಾಗ ಹೋಗ್ಲಿ. ಮಂದಿ ಮುಂದ ಒಡೀಬಾರದು, ಅಷ್ಟೇ."

ನಾನು ಆಗಲಿ ಎಂದೆ. ನಾನು ಅವನಿಗೆ ಕೊಟ್ಟ ಮಾತು ಅದೊಂದೇ.

ವಿಷಯ ಗೊತ್ತಿದ್ದದ್ದು ನಾಲ್ವರಿಗೆ: ಅಪ್ಪ, ಅವ್ವ, ಕಾಕಾ, ನಾನು. ಹೊರಗಿನವರು ಕೇಳಿದರೆ ಅವ್ವ "ಥಂಡಿ ಆಗ್ಯಾದ್ರಿ, ಗಂಟಲ ಕೂತದ" ಎನ್ನುತ್ತಿದ್ದಳು. ಬೇಸಿಗೆಯಲ್ಲಿಯೂ ಅದನ್ನೇ ಹೇಳಿದಳು. ಸಣ್ಣಪುಟ್ಟ ಕರೆಗಳಿಗೆಲ್ಲ ಏನಾದರೊಂದು ನೆವ ಹೇಳಿ, ಮುಂದಿನ ತಿಂಗಳು ಬರುತ್ತೇನೆಂದು ಅಪ್ಪ ತಪ್ಪಿಸಿಕೊಂಡ. ಭಾಲ್ಕಿಯದನ್ನು ತಪ್ಪಿಸಲು ಆಗಲಿಲ್ಲ. ತಪ್ಪಿಸಿದರೆ ಅಲ್ಲಿಗೆ ಎಲ್ಲರಿಗೂ ತಿಳಿದಂತೆಯೇ.

ಗಿಟಾರ್ ಬಂದದ್ದು ಹೀಗೆ. ಕಲಬುರಗಿಯಲ್ಲಿ ಎಂ.ಎಸ್ಸಿ. ಓದುವಾಗ ಹಾಸ್ಟೆಲಿನ ಗೆಳತಿಯಿಂದ ನಾನು ಅದನ್ನು ಕಲಿತಿದ್ದೆ. ಯಾರ ಮುಂದೆಯೂ ನುಡಿಸಿದವಳಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ನುಡಿಸುತ್ತಿದ್ದೆ, ಅಷ್ಟೇ ನನಗೆ ಸಾಕಾಗುತ್ತಿತ್ತು. ಅಪ್ಪ ಒಂದು ದಿನ ನನ್ನ ಕೋಣೆಗೆ ಬಂದವನು ಗೋಡೆಯ ಮೇಲಿದ್ದ ಅದನ್ನು ಕೆಳಗಿಳಿಸಿ ಕೊಡು ಎಂದ. ತಂತಿಗಳನ್ನು ಹೆಬ್ಬೆರಳಿನಿಂದ ಒಮ್ಮೆ ಮೀಟಿ, ಸದ್ದು ಆರುವವರೆಗೆ ಕಿವಿಗೊಟ್ಟು ಕೂತ. ಹಾರ್ಮೋನಿಯಂ ಸ್ವರವನ್ನು ನೇರವಾಗಿ ಹಿಡಿದು ನಿಲ್ಲಿಸುತ್ತದೆ. ನಡುಗುವ ಧ್ವನಿ ಅದರ ಪಕ್ಕದಲ್ಲಿ ತಟ್ಟನೆ ಗೊತ್ತಾಗುತ್ತದೆ. ಗಿಟಾರಿನ ತಂತಿಗಳು ಒಟ್ಟಿಗೆ ಮೊಳಗಿ ಚದುರಿಹೋಗುತ್ತವೆ. ಆ ಚದುರುವಿಕೆಯೊಳಗೆ ಧ್ವನಿ ಸ್ವಲ್ಪ ಅಡಗಬಹುದು. ಇದನ್ನು ಅವನು ನನಗೆ ವಿವರಿಸಲಿಲ್ಲ. "ನೀ ಬಾರಿಸ್ತಿ ಏನ?" ಎಂದಷ್ಟೇ ಕೇಳಿದ.

ಹೀಗೆ ಹಾರ್ಮೋನಿಯಂ ಮನೆಯಲ್ಲಿ ಉಳಿಯಿತು. ಈ ಸಲ ಮಗಳ ಕೈಯಲ್ಲಿ ಹೊಸ ವಾದ್ಯ ಎಂದು ಭಾಲ್ಕಿಗೆ ಹೇಳಿ ಕಳಿಸಿದೆವು.

ಎರಡು ತಿಂಗಳು, ಶನಿವಾರ ಭಾನುವಾರ ಔರಾದಿಗೆ ಹೋಗಿ ತಾಲೀಮು ಮಾಡಿದೆ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕರಿ ಎರಡರ ಶ್ರುತಿಯಲ್ಲಿ ಹಾಡುತ್ತಿದ್ದ ಅಪ್ಪ ತಗ್ಗಿನ ಬಿಳಿ ಒಂದಕ್ಕೆ ಇಳಿದ. ಮೊದಲಿನ ಎರಡು ಸಾಲು ಅವನದು, ತಗ್ಗಿನ ಸ್ವರದಲ್ಲಿ. ಮೂರನೆಯ ಸಾಲಿನಿಂದ ಕೊನೆಯವರೆಗೆ ನಾನು ಹಾಡಬೇಕು. ಎರಡನೆಯ ಸಾಲಿನ ನಡುವೆ ಅವನ ಉಸಿರು ತುಂಡಾಗುವ ಒಂದು ಜಾಗ ಇತ್ತು. ಅಲ್ಲಿ ನಾನು ಪಿಕ್ಕಿನಿಂದ ಆರೂ ತಂತಿಗಳನ್ನು ಜೋರಾಗಿ ಮೀಟಿ ಅದನ್ನು ಮುಚ್ಚಬೇಕು. ನಾವು ತಾಲೀಮು ಮಾಡಿದ್ದು ಹೆಚ್ಚಾಗಿ ಆ ಒಂದು ಜಾಗವನ್ನೇ.

ಕಾಕಾ ಔರಾದಿನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವನು, ಸುಮ್ಮನಿರಲಾರದವನು. "ಮೇಡಂನೋರ, ನಿಮ್ಮ ಪೆಟ್ಟಗಿ ಶ್ರುತಿ ಆಗೂದ್ರಾಗ ನನ್ನ ಚಾ ಆರಿ ಶರಬತ್ ಆಯ್ತು ನೋಡ್ರಿ" ಎನ್ನುತ್ತಿದ್ದ.

"ಮುಂಜಾನಿಂದ ತಬಲಾಕ ಸುತ್ತಿಗಿ ಬಡಿಲಾಕತ್ತೋರು ಯಾರು ಕಾಕಾ?"

"ಅದು ಬಡಿಯೂದಲ್ಲ, ಅದೊಂದು ವಿದ್ಯಾ. ನಿಮ್ಮ ಕಾಲೇಜಿನಾಗ ಕಲಸೂದಿಲ್ಲ."

ಅಪ್ಪ ಸದ್ದಿಲ್ಲದೆ ನಗುತ್ತಿದ್ದ. ನನ್ನ ಪಿಕ್ಕನ್ನು ಅವನು ಸಿತಾರ್ ನುಡಿಸುವವರ ಮಾತಿನಲ್ಲಿ ನಖಿ ಎಂದೇ ಕರೆಯುತ್ತಿದ್ದ. ಒಮ್ಮೆ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಕೇಳಿದ: "ಈ ನಖಿ ಕೈ ಬಿಟ್ರ?"

"ಇನ್ನೊಂದು ಅದ ಅಪ್ಪಾ. ಚೀಲದಾಗ."

"ವಾದ್ಯ ನಿಂತ್ರೂ ಹಾಡು ನಿಲ್ಲೂದಿಲ್ಲ. ವಾದ್ಯ ತಿರುಗಿ ಬರೂತನಕ ಅದೇ ಸಾಲು ಹಿಡದು ತಿರುಗಬೇಕು. ಮುಂದ ಹೋಗಬಾರದು. ಮುಂದ ಹೋದ್ರ ವಾದ್ಯದವ್ರು ಎಲ್ಲಿ ಕೂಡಬೇಕು?"

ಅದು ಅಪ್ಪನ ಹಾಡಿನ ಮೇಳದ ಹಳೆಯ ಕಟ್ಟಳೆ. ತಬಲಾದ ಚರ್ಮ ಹರಿದಾಗ, ಹಾರ್ಮೋನಿಯಂ ಗಾಳಿ ಬಿಟ್ಟಾಗ ಅಪ್ಪ ಒಂದೇ ಸಾಲನ್ನು ಹತ್ತು ಬಗೆಯಲ್ಲಿ ಹಾಡಿದ್ದನ್ನು ನಾನು ಚಿಕ್ಕಂದಿನಲ್ಲಿ ಕೇಳಿದ್ದೇನೆ. ಜನ ಅದಕ್ಕಾಗಿಯೇ ತಲೆದೂಗುತ್ತಿದ್ದರು. ವಾದ್ಯ ಕೆಟ್ಟಿದೆ ಎಂದು ಅವರಿಗೆ ತಿಳಿಯುತ್ತಲೂ ಇರಲಿಲ್ಲ.

ಆ ಭಾನುವಾರ ಸಭಾಂಗಣ ತುಂಬಿತ್ತು. ನಾನು ಗಿಟಾರ್ ಹಿಡಿದು ವೇದಿಕೆ ಹತ್ತುವಾಗ ಮುಂದಿನ ಸಾಲಿನ ಹೆಂಗಸೊಬ್ಬಳು ಪಕ್ಕದವಳಿಗೆ, "ಏನವ್ವ, ಶರಣರ ಸಭಾದಾಗ ಸಿನಿಮಾದ ಪೆಟ್ಟಗಿ ಬಂತು!" ಎಂದಳು. "ಇರ್ಲಿ ಬಿಡು, ಮಾಸ್ತರ್ ಮಗಳು ಅದಾಳ" ಎಂದು ಇನ್ನೊಬ್ಬಳು ನನ್ನ ಪರ ವಹಿಸಿದಳು. ಜನರ ಎದುರು ಕೂರುವುದು ನನ್ನ ಸ್ವಭಾವವಲ್ಲ. ಗಿಟಾರಿನ ಚೀಲವನ್ನು ಪರದೆಯ ಹಿಂದೆ ಇಟ್ಟು ಬಂದೆ. ಇನ್ನೊಂದು ಪಿಕ್ಕು ಅದರೊಳಗೇ ಇತ್ತು. ಅದನ್ನು ತೆಗೆದು ಜೊತೆಗೆ ಇಟ್ಟುಕೊಳ್ಳಬೇಕೆಂದು ನನಗೆ ನೆನಪಾಗಲಿಲ್ಲ.

ಅಪ್ಪ ಕಣ್ಣು ಮುಚ್ಚಿ ಶುರು ಮಾಡಿದ. ಮೊದಲ ಸಾಲು ಚೆನ್ನಾಗಿ ಬಂತು. ನಾನು ನಿರೀಕ್ಷಿಸಿದ್ದಕ್ಕಿಂತ ಚೆನ್ನಾಗಿ. ಕಾಕಾ ನನ್ನ ಕಡೆ ನೋಡಿ ಹುಬ್ಬು ಎತ್ತಿದ. ಅಷ್ಟರಲ್ಲಿ ವೇದಿಕೆಯ ಪಕ್ಕದಿಂದ, ಮುಖ್ಯ ಅತಿಥಿಯ ಬಗ್ಗೆ ನಿರೂಪಕನ ಪಿಸುಮಾತು ಕೇಳಿತು: "ಸಾಹೇಬ್ರಿಗಿ ಬೀದರಕ ಹೋಗೂದದರಿ, ಸತ್ಕಾರ ಈಗೇ ಮಾಡಿಬಿಡ್ರಿ."

ಹಾಡಿನ ನಡುವೆ ಶಾಲು ಹೊದಿಸುವುದು ನಮ್ಮ ಕಡೆ ಅಗೌರವವಲ್ಲ. ಅತಿಥಿಗಳು ಎದ್ದು ಹೋಗುವ ಮುಂಚೆ, ಅವರ ಎದುರಿಗೇ ಹಾಡುಗಾರನಿಗೆ ಮರ್ಯಾದೆ ಆಗಬೇಕು, ಹಾಡೂ ನಿಲ್ಲಬಾರದು. ಅಪ್ಪ ಎಷ್ಟೋ ಶಾಲುಗಳನ್ನು ಹಾಗೆ ಪಡೆದಿದ್ದಾನೆ. ಹಾರ್ಮೋನಿಯಂ ಮೇಲಿನ ಕೈ ತೆಗೆಯದೆ ತಲೆಯನ್ನಷ್ಟೇ ಬಾಗಿಸುತ್ತಿದ್ದ. ಅಷ್ಟು ಸಾಕು ಎಂಬುದನ್ನು ಅವನು ನನಗೆ ಹೇಳಿಕೊಟ್ಟಿರಲಿಲ್ಲ. ನನಗೆ ಯಾರಾದರೂ ಶಾಲು ಹೊದಿಸುತ್ತಾರೆಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಸಭೆಯ ಹಿರಿಯರು, ಎಂಬತ್ತು ದಾಟಿದವರು, ಕೋಲು ಊರಿಕೊಂಡು ನೇರ ನನ್ನ ಮುಂದೆ ಬಂದು ನಿಂತರು. ಕೈಯಲ್ಲಿದ್ದ ಶಾಲನ್ನು ನನ್ನ ಹೆಗಲಿಗೆ ಹಾಕುತ್ತ ಕಷ್ಟಪಟ್ಟು ಬಾಗಿದರು. "ಶರಣು ತಾಯಿ" ಎಂದರು.

ನಾನು ಎರಡೂ ಕೈ ಎತ್ತಿ ಮುಗಿದೆ.

ಯೋಚಿಸಿ ಮಾಡಿದ್ದಲ್ಲ. ಹಿರಿಯರು ಶರಣು ಎಂದರೆ ಕೈ ತಾನಾಗಿ ಜೋಡಿಸಿಕೊಳ್ಳುತ್ತದೆ. ಮಾತು ಬರುವ ಮುಂಚೆ ನಮಗೆ ಕಲಿಸುವುದು ಅದನ್ನೇ. ಪಿಕ್ ಬಿತ್ತು. ಅದರ ಹಿಂದೆಯೇ ಶಾಲು ನನ್ನ ಹೆಗಲಿನಿಂದ ಇಳಿದು ಗಿಟಾರಿನ ಬಾಯಿಯನ್ನೂ ಅದರ ಮುಂದಿನ ಮೈಕನ್ನೂ ಮುಚ್ಚಿತು. ಅಪ್ಪ ಆಗ ಎರಡನೆಯ ಸಾಲಿನ ನಡುವೆ ಇದ್ದ. ಉಸಿರು ತುಂಡಾಗುವ ಜಾಗಕ್ಕೆ ಬಂದಿದ್ದ.

ಅಲ್ಲಿ ಗಿಟಾರ್ ಮೊಳಗಲಿಲ್ಲ. ತಬಲಾ ಮಾತ್ರ ನಡೆದಿತ್ತು. ಅಪ್ಪನ ಧ್ವನಿ ಹರಿದು, ಮತ್ತೆ ಕೂಡಿಕೊಂಡು, ಹೇಗೋ ಸಾಲಿನ ಕೊನೆ ಮುಟ್ಟಿತು. ಅವನು ಕಣ್ಣು ತೆರೆದು ನನ್ನ ಕಡೆ ನೋಡಿದ. ಗಿಟಾರ್ ನಿಂತದ್ದು ಕಂಡಿತು. ಆ ಸಾಲನ್ನೇ ಮತ್ತೆ ಹಿಡಿದ.

ನಾನು ತಲೆ ತಗ್ಗಿಸಿ ಎಸಳುಗಳಲ್ಲಿ ಬೆರಳಾಡಿಸುತ್ತಿದ್ದೆ. ಒಂದೊಂದು ಎಸಳೂ ಪಿಕ್ಕಿನಂತೆ ಕಂಡು, ಮುಟ್ಟಿದರೆ ಮೆತ್ತಗಾಗುತ್ತಿತ್ತು. ಕಾಕಾ ತುಟಿ ಅಲ್ಲಾಡಿಸದೆ, "ಬೆರಳಿಲೇ ಬಾರ್ಸು, ಬೆರಳಿಲೇ" ಎಂದ. ಹೆಬ್ಬೆರಳಿನಿಂದ ಮೀಟಿದೆ. ಪ್ರಯೋಗಾಲಯದ ಕೆಲಸಕ್ಕೆಂದು ನಾನು ಉಗುರು ಕತ್ತರಿಸಿಕೊಂಡೇ ಇರುವವಳು. ಶಾಲಿನ ಕೆಳಗಿನಿಂದ ಬಂದ ಸದ್ದು ನನಗೇ ಕೇಳಿಸಲಿಲ್ಲ. ಶಾಲು ಸರಿಸಲು ಹೋದರೆ ಹಿರಿಯರು ಅದನ್ನು ಇನ್ನೂ ನನ್ನ ಕೊರಳ ಸುತ್ತ ಸರಿಪಡಿಸುತ್ತಿದ್ದರು. ಫೋಟೋದವನು "ಇಕಡಿ ನೋಡ್ರಿ ಅಜ್ಜಾರೆ" ಎಂದು ಅವರನ್ನು ಅಲ್ಲಿಯೇ ನಿಲ್ಲಿಸಿದ. ಮತ್ತೆ ಎಸಳುಗಳಿಗೆ ಕೈ ಹಾಕಿದೆ.

ಅಪ್ಪ ಎರಡನೆಯ ಸಲ ಅದೇ ಜಾಗಕ್ಕೆ ಬಂದ. ಧ್ವನಿ ಒಡೆಯಿತು. ಈ ಸಲ ಕೂಡಲಿಲ್ಲ. ಅವನು ಬಿಡಲಿಲ್ಲ. ಮೂರನೆಯ ಸಲ ಸಾಲಿನ ಮೊದಲರ್ಧವಷ್ಟೇ ಬಂತು, ಉಳಿದರ್ಧ ಬರಿಯ ಗಾಳಿ. ಮೈಕು ಆ ಗಾಳಿಯನ್ನೂ ಹಿಡಿದು ಕೇಳಿಸಿತು. ಅವನ ಕೊರಳ ನರ ಎದ್ದು ನಿಂತಿತ್ತು. ಅವನು ಕಾಯುತ್ತಿದ್ದದ್ದು ವಾದ್ಯಕ್ಕಾಗಿ. ವಾದ್ಯ ಬರುವವರೆಗೆ ಮುಂದಿನ ಸಾಲಿಗೆ ಹೋಗುವಂತಿಲ್ಲ. ನಾನು ಹುಡುಕುತ್ತಿದ್ದದ್ದು ವಾದ್ಯವನ್ನು ಅವನಿಗೆ ಮರಳಿಸಲು. ಅದು ಬರುವವರೆಗೆ ನನ್ನ ಸಾಲು ಬರುವುದಿಲ್ಲ ಎಂದುಕೊಂಡಿದ್ದೆ.

ಇದನ್ನು ನಾನು ನನ್ನ ಮಟ್ಟಿಗೆ ಎಷ್ಟೋ ಸಲ ವಿಂಗಡಿಸಿ ನೋಡಿದ್ದೇನೆ. ಪಿಕ್ ಬಿದ್ದದ್ದು ತಪ್ಪಲ್ಲ, ಕೈ ಮುಗಿದದ್ದೂ ತಪ್ಪಲ್ಲ. ನನ್ನ ಬಾಯಿ ಖಾಲಿ ಇತ್ತು. ನನ್ನ ಗಂಟಲು ಸರಿಯಿತ್ತು. ಆ ಸಾಲನ್ನು ನಾನು ಅವನೊಂದಿಗೆ ಹಾಡಬಹುದಿತ್ತು, ಅವನ ಕೈಯಿಂದ ತೆಗೆದುಕೊಳ್ಳಬಹುದಿತ್ತು. ಎರಡು ತಿಂಗಳಲ್ಲಿ ಅದು ನನಗೆ ಉಸಿರಿನಷ್ಟು ರೂಢಿಯಾಗಿತ್ತು. ಆದರೂ ಆ ಹೊತ್ತಿನಲ್ಲಿ ನಾನು ಪ್ಲಾಸ್ಟಿಕ್ಕಿನ ತುಂಡೊಂದನ್ನು ಹುಡುಕುತ್ತಿದ್ದೆ.

ಹಾಡನ್ನು ಎತ್ತಿದವರು ಮುಂದೆ ಕೂತಿದ್ದ ಹೆಂಗಸರು. ಸಿನಿಮಾದ ಪೆಟ್ಟಿಗೆ ಎಂದವಳೇ ಮೊದಲು ಧ್ವನಿ ತೆಗೆದಳು. ಆ ವಚನ ಎಲ್ಲರಿಗೂ ಬರುವಂಥದ್ದು. ಹಿಂದೆ ಕೂತವರೂ ಸೇರಿಕೊಂಡರು, ಚಪ್ಪಾಳೆಯ ತಾಳ ಬಂತು. ಇಡೀ ಸಭೆ ಕೊನೆಯವರೆಗೆ ಹಾಡಿತು. ಅಪ್ಪ ತುಟಿ ಮುಚ್ಚಿ, ಕೈಯಿಂದ ತೊಡೆಯ ಮೇಲೆ ತಾಳ ಹಾಕುತ್ತ ಕೂತಿದ್ದ. ನಾನು ಅವನ ಮುಖ ನೋಡಲಿಲ್ಲ. ಕೈಯನ್ನು ನೋಡಿದೆ. ಅದು ತಾಳಕ್ಕಿಂತ ಸ್ವಲ್ಪ ಹಿಂದೆ ಬೀಳುತ್ತಿತ್ತು.

"ಮಾಸ್ತರು ಇವತ್ತು ನಮ್ಮೆಲ್ಲರ ಬಾಯಾಗ ಹಾಡಿಸ್ಯಾರ!" ಎಂದು ನಿರೂಪಕ ಮೈಕಿನಲ್ಲಿ ಹೇಳಿದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಜನ ಚಪ್ಪಾಳೆ ತಟ್ಟಿದರು. ವೇದಿಕೆ ಇಳಿಯುವಾಗ ಹಾಸು ಗುಡಿಸಲು ಬಂದ ಹೆಂಗಸು ನನ್ನ ಕಡೆ ಕೈ ಚಾಚಿದಳು. "ಇದು ನಿಮ್ಮದೇನ್ರಿ ಅಕ್ಕೋರೆ? ಗುಂಡಿ ಕಂಡಂಗ ಅದ." ನಾನು ಪಿಕ್ಕನ್ನು ತೆಗೆದುಕೊಂಡು ಚೀಲಕ್ಕೆ ಹಾಕಿದೆ.

ಊಟದ ಪಂಕ್ತಿಯಲ್ಲಿ ಅಪ್ಪನ ಪಕ್ಕ ಒಬ್ಬ ಮುದುಕರು ಬಂದು ಕೂತರು. ಅವರೂ ಹಳೆಯ ಹಾಡುಗಾರರು, ಕಮಠಾಣದ ಕಡೆಯವರು. ಹುಗ್ಗಿ ಬಡಿಸಿಕೊಂಡರು, ಹಾಲು ಹಾಕಿಸಿಕೊಂಡರು, ಎಲೆಯನ್ನೇ ನೋಡುತ್ತ ಕೇಳಿದರು: "ಎಷ್ಟು ದಿನ ಆಯ್ತು ಮಾಸ್ತರ್?"

ಅಪ್ಪ ಥಂಡಿ ಎನ್ನಲಿಲ್ಲ. "ಆರು ತಿಂಗಳು" ಎಂದ.

"ನಂದು ಹೋಗಿ ನಾಲ್ಕು ವರ್ಷ ಆಯ್ತು" ಎಂದರು ಅವರು. "ಹೆಂಡ್ರ ಜೋಡಿ ಜಗಳ ಆಡ್ಲಿಕ್ಕೂ ಆವಾಜ ಇಲ್ಲ. ಅಕಿ ಆರಾಮ ಅದಾಳ."

ಅಪ್ಪ ನಕ್ಕ. ಆಮೇಲೆ ಎಲೆಯ ಮೇಲಿನ ಹುಗ್ಗಿಯನ್ನು ಬೆರಳಿನಿಂದ ಆಚೆ ಈಚೆ ಸರಿಸುತ್ತ ಕೂತ. ತಿನ್ನಲಿಲ್ಲ.

ಸಂಜೆಗೆ ಮುಂಚೆ ಕಾಕಾನ ವ್ಯಾನಿನಲ್ಲಿ ಔರಾದಿಗೆ ಹೊರಟೆವು. ದಾರಿಯ ಎರಡೂ ಕಡೆ ತೊಗರಿ ಹೂಬಿಟ್ಟಿತ್ತು. ಕಾಕಾ ಎರಡು ಮೂರು ಸಲ ಮಾತು ತೆಗೆದು ನೋಡಿದ, ನಡೆಯಲಿಲ್ಲ. ಊರು ಹತ್ತಿರ ಬಂದಾಗ ಅಪ್ಪ ಮುಂದಿನ ಸೀಟಿನಿಂದ ತಿರುಗದೆ ಹೇಳಿದ: "ನೀ ಕೈ ಮುಗದದ್ದು ಛಲೋ ಮಾಡ್ದಿ. ದೊಡ್ಡವ್ರು ಬಂದಾಗ ಮುಗೀಬೇಕು."

ಅವನ ಧ್ವನಿ ವ್ಯಾನಿನ ಸದ್ದಿನಲ್ಲಿ ಅರ್ಧ ಮುಳುಗಿತು. ಬೈದಿದ್ದರೆ ನಾನು ಅಳಬಹುದಿತ್ತು. ಹ್ಞೂಂ ಎಂದೆ. "ಅಪ್ಪಾ, ನಾ ಹಾಡಬೇಕಾಗಿತ್ತು" ಎಂಬ ಮಾತು ಬಾಯಿಯವರೆಗೆ ಬಂತು. ಕಾಕಾ ಇದ್ದ ಎಂದು ಆಡಲಿಲ್ಲ. ಮನೆಯಲ್ಲಿ ಕಾಕಾ ಇರಲಿಲ್ಲ, ಅಲ್ಲಿಯೂ ಆಡಲಿಲ್ಲ.

ಅವ್ವ ಬಾಗಿಲಲ್ಲಿ ನಿಂತಿದ್ದಳು. "ಹ್ಯಾಂಗಾಯ್ತು?"

"ಇಡೀ ಸಭಾ ಹಾಡ್ತು ವೈನಿ!" ಎಂದ ಕಾಕಾ ವ್ಯಾನಿನಿಂದ ಇಳಿಯದೆಯೇ.

ಅವ್ವ ಅಪ್ಪನ ಮುಖ ನೋಡಿದಳು. ನನ್ನ ಹೆಗಲ ಮೇಲಿನ ಶಾಲನ್ನು ತೆಗೆದು ಮಡಿಸುತ್ತ ಒಳಗೆ ಹೋದಳು. ಅಂಥ ಶಾಲುಗಳಿಗೆಂದೇ ಇದ್ದ ಟ್ರಂಕಿನ ಮುಚ್ಚಳ ತೆರೆದ ಸದ್ದು ಕೇಳಿತು, ಮುಚ್ಚಿದ ಸದ್ದು ಕೇಳಿತು.

ಮರುದಿನ ಮುಂಜಾನೆ ನಾನು ಬೀದರಿನ ಬಸ್ಸಿಗೆ ಹೊರಡಬೇಕಿತ್ತು. ಚಹಾ ಕುಡಿಯುತ್ತಿದ್ದಾಗ ಅಪ್ಪನ ಫೋನು ರಿಂಗಾಯಿತು. ಅವನು ಹೆಸರು ನೋಡಿದ, ಎತ್ತಲಿಲ್ಲ. ರಿಂಗಾಗುತ್ತಿದ್ದ ಫೋನನ್ನು ಚಾಪೆಯ ಮೇಲೆ ನನ್ನ ಕಡೆ ಸರಿಸಿದ.

ನಾನು ಎತ್ತಿದೆ. ಸಾಯಗಾಂವದವರೊಬ್ಬರು. ಮನೆ ಕಟ್ಟಿಸಿದ್ದರಂತೆ. ಬರುವ ಸೋಮವಾರ ಗೃಹಪ್ರವೇಶ, ಮಾಸ್ತರು ಬರಬೇಕು. ನಾನು ಅಪ್ಪನನ್ನು ನೋಡಿದೆ. ಅವನು ಗೋಡೆಯನ್ನು ನೋಡುತ್ತಿದ್ದ. ಹೇಳು ಎಂಬಂತೆ ತಲೆಯನ್ನು ತುಸು ಅಲ್ಲಾಡಿಸಿದ.

"ಅಪ್ಪ ಹಾಡೂದು ಬಿಟ್ಟಾರ್ರಿ" ಎಂದೆ.

"ಬಿಟ್ಟಾರ? ಯಾವಾಗಿಂದ್ರಿ?"

"ನಿನ್ನಿಯಿಂದ್ರಿ. ಗಂಟಲ ಹೋಗ್ಯಾದ. ತಿರುಗಿ ಬರೂದಿಲ್ಲಂತ."

"ನೀವರೆ ಬರ್ರಿ ಹಂಗಾರ, ನಿನ್ನಿ ಬಾರಿಸೀರಂತಲ್ಲ" ಎಂದರು. ಇಲ್ಲ ಎಂದೆ. ಯಾಕೆ ಎಂದು ಅವರು ಕೇಳುವ ಮುಂಚೆ ಫೋನ್ ಕತ್ತರಿಸಿದೆ.

ಫೋನನ್ನು ಹಿಂತಿರುಗಿಸಲು ಹೋದೆ. ಅಪ್ಪ ತೆಗೆದುಕೊಳ್ಳಲಿಲ್ಲ. ನನ್ನ ಕೈಯಲ್ಲಿಯೇ ಇರಗೊಟ್ಟು, ಒಂದು ಬೆರಳಿನಿಂದ ಹೆಸರುಗಳನ್ನು ಮೇಲೆ ಸರಿಸುತ್ತ ಹೋದ. ಮುಂದಿನ ತಿಂಗಳು ಬರುತ್ತೇನೆಂದು ಅವನು ಮಾತು ಕೊಟ್ಟು ಇಟ್ಟವರು. ಎಕಂಬಾದ ಒಂದು ಹೆಸರಿನ ಮೇಲೆ ಬೆರಳು ನಿಂತಿತು. ನಾನು ಫೋನ್ ಹಚ್ಚಿ ಹೇಳಿದೆ. ಮುಂದೆ ಬೀದರಿನದು ಒಂದು, ಔರಾದಿನವು ಎರಡು, ಆಮೇಲೆ ಭಾಲ್ಕಿಯ ಸಭೆಯ ನಿರೂಪಕನದು. ಮೊದಲ ಸಲ ನಾಲಿಗೆ ತೊಡರಿತ್ತು. ಭಾಲ್ಕಿಗೆ ಹೇಳುವ ಹೊತ್ತಿಗೆ ಆ ವಾಕ್ಯ ಎಲ್ಲಿಯೂ ತುಂಡಾಗದೆ ಬಂತು.

ಎಂಟರ ಬಸ್ಸು ತಪ್ಪಿತ್ತು. ಕಾಲೇಜಿಗೆ ಫೋನ್ ಮಾಡಿ, ಮೊದಲ ತಾಸಿಗೆ ಬರಲಾಗುವುದಿಲ್ಲ ಎಂದು ತಿಳಿಸಿದೆ. ನಿಲ್ದಾಣಕ್ಕೆ ನಡೆದು ಹೋಗಿ ಒಂಬತ್ತರ ಬಸ್ಸಿಗೆ ಕಾದು ನಿಂತೆ.